ಗಾಲಿ ನೆಲ ಮುಟ್ಟಿದ ಮ್ಯಾಲ

ನಮ್ಮ ಹಿತ್ತಲ ಬಾಗಲಿಗೆ ಆನಿಸಿಟ್ಟ ಒಂದು ಲೋಹದ ತೋಳು ಐತಿ. ಗಾಳಿ ಬಿಟ್ಟಾಗ ಬಾಗಲಾ ದಪ್ಪಂತ ಬಡಕೊಳ್ತೈತಿ ಅಂತ ನಮ್ಮವ್ವ ಅದನ್ನ ಅಲ್ಲೆ ಇಟ್ಟಾಳ. ಒಂದು ಮೊಳಾ ಉದ್ದ, ನಡುವ ಮೊಳಕೈ ಮಡಚಿದಂಗ ಬಾಗೇತಿ. ಒಂದು ತುದಿಗೆ ಗುಂಡಿನ ಕೀಲು, ಇನ್ನೊಂದು ಕಡೆ ಎರಡು ರಬ್ಬರಿನ ಬಳಿ. ಅದರಾಗ ಒಂದು ಬಳಿ ಹರದು ಬಾಯಿ ತಕ್ಕೊಂಡೈತಿ. ಮನಿಗೆ ಬಂದವರು ನೀರ ಕುಡೀತ, "ಇದೇನ್ರಿ, ರಂಟಿದೇನು?" ಅಂತ ಕೇಳತಾರ. ಅವ್ವ, "ಅಲ್ಲಬೇ, ನಮ್ಮ ಕಸ್ತೂರಿ ಗಾಡಿದು. ಎರಡ ಸಲ ಕೈ ಮುರಕೊಂಡೈತಿ" ಅಂದು ಮುಂದಿನ ಕಥಿ ನನಗ ಬಿಡತಾಳ. ನಾ ಸುರು ಮಾಡಿದೆ ಅಂದ್ರ ಒಲಿ ಮ್ಯಾಲಿನ ಹಾಲು ಉಕ್ಕಿ ಹೋಗೂದು ಗ್ಯಾರಂಟಿ. ಇವತ್ತ ಒಲಿ ಮ್ಯಾಲ ಏನೂ ಇಲ್ಲ, ನೀವೂ ಆರಾಮ ಕುಂತೀರಿ. ಹೇಳೇ ಬಿಡ್ತೇನಿ.

ನಾ ಬನಹಟ್ಟ್ಯಾಗ ಪಿಯು ಹುಡುಗರಿಗೆ ಫಿಸಿಕ್ಸ್ ಕಲಸ್ತೇನಿ. ಮನಿ ಜಮಖಂಡ್ಯಾಗ. ಮನ್ಯಾಗ ಮೂರೇ ಮಂದಿ: ನಾನು, ಪೋಸ್ಟಾಫೀಸಿನ್ಯಾಗ ಕೆಲಸಾ ಮಾಡೋ ನಮ್ಮ ಮನಿಯವರು, ಮತ್ತ ನಮ್ಮವ್ವ. ಎರಡು ವರ್ಷದ ಹಿಂದ, ಯಾರೋ ಗುತ್ತಿಗೆದಾರರು ಓಡಿಸಿ ಬಿಟ್ಟಿದ್ದ ಪರದೇಶದ ಕಂಪನಿಯ ದೊಡ್ಡ ಗಾಡೀನ ನಾ ಮನಿಗೆ ತಂದೆ. ಕಪ್ಪು ಬಣ್ಣ, ಚರ್ಮದ ಸೀಟು, ತಲಿ ಮ್ಯಾಲ ಗಾಜಿನ ಕಿಡಕಿ. ನಮ್ಮ ಓಣ್ಯಾಗ ಅದನ್ನ ತಿರುವಬೇಕಾದ್ರ ಮೂರ ಸಲ ಹಿಂದ ಮುಂದ ಮಾಡಬೇಕು, ಅಷ್ಟೊತ್ತಿಗೆ ಓಣಿ ಮಂದಿ ಎಲ್ಲಾ ಕಟ್ಟಿಗೆ ಬಂದಿರ್ತಾರ. ಸ್ಟಾಫ್ ರೂಮಿನ್ಯಾಗ "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು" ಅಂತ ನನ್ನ ಮಾರಿ ಮುಂದನ ಅಂದ್ರು. ಮನಿಯವರಂತೂ ತಮ್ಮ ಸ್ಕೂಟರ್ ಬಿಡಲೇ ಇಲ್ಲ. "ಲೇ ಕಸ್ತೂರಿ, ಆನಿ ತಂದಿ ಖರೆ, ಮೇವು ಯಾರ ಹಾಕವ್ರು?" ಅಂದ್ರು.

ಏನ ಮಾಡ್ಲಿ, ನನಗ ಎತ್ತರದಾಗ ಕುಂದ್ರೂ ಚಟ. ಇದು ಸಣ್ಣಂದಿನ ಚಟ. ನಮ್ಮದು ಬೀಳಗಿ ಕಡೆ ಕುರಿ ಕಾಯೋ ಮನಿತನ, ಬೀರೇಶ್ವರನ ಒಕ್ಕಲು. ನಮ್ಮಪ್ಪ ಸರಕಾರಿ ಜೀಪಿನ ಡ್ರೈವರ್ ಆಗಿ ಜಮಖಂಡಿಗೆ ಬಂದ್ರೂ, ಸಾಲಿ ಸೂಟಿ ಬಿಟ್ಟ ಕೂಡ್ಲೆ ನನ್ನ ಅಜ್ಜನ ಹಂತ್ಯಾಕ ಅಟ್ಟತಿದ್ದ. ಅಜ್ಜ ಕುರಿ ಹೊಡಕೊಂಡು ಹೊಲದಿಂದ ಹೊಲಕ್ಕ ಹೊಂಟಾಗ ಸಾಮಾನು ಹೊರಾಕ ಒಂದು ಗಿಡ್ಡ ಕುದರಿ ಇರ್ತಿತ್ತು. ಅದರ ಬೆನ್ನ ಮ್ಯಾಲ ಜೋಳದ ಚೀಲ, ಅಡಗಿ ಪಾತ್ರಿ, ಕಂಬಳಿ, ಅದರ ಮ್ಯಾಲ ಇನ್ನೂ ನಡ್ಯಾಕ ಬಾರದ ಎರಡು ಕುರಿಮರಿ, ಎಲ್ಲಾದಕ್ಕಿಂತ ಮ್ಯಾಲ ನಾನು. ಕಂಬಳಿ ತೊಡಿಗೆ ಚುಚ್ಚತಿತ್ತು, ಮರಿ ಲಂಗದ ಮ್ಯಾಲ ಉಚ್ಚಿ ಹೊಯ್ತಿತ್ತು, ಎಲ್ಲಾ ಖರೆ. ಆದ್ರ ಅಲ್ಲಿಂದ ಕೆಳಗ ನೋಡಿದ್ರ ಇಡೀ ಸೀಮಿ ನಂದೇ ಅನಸ್ತಿತ್ತು. ನಲವತ್ತು ವರ್ಷ ಆದ ಮ್ಯಾಲ ಆ ದೊಡ್ಡ ಗಾಡಿ ಹತ್ತಿ ಕುಂತಾಗ ಅದ ಖುಷಿ ಮತ್ತ ಬಂತು ನೋಡ್ರಿ. ಕಬ್ಬಿನ ಗದ್ದಿ ಮ್ಯಾಲಿಂದ ಕಾಣಸ್ತಾವ, ಬಸ್ಸಿನ ಡ್ರೈವರಿಗೆ ಸಮಾ ಮಾರಿ ಬರ್ತೈತಿ. ಇದಕ್ಕ ಬೆಲಿ ಕಟ್ಟಾಕ ಆಗ್ತೈತೇನು ನೀವ ಹೇಳ್ರಿ.

ಆರು ತಿಂಗಳ ಆರಾಮ ಓಡ್ತು. ಒಂದಿನ ಎಡಗಡೆ ಮುಂದಿನ ಗಾಲಿ ಕಡಿಂದ "ಕಟ್" ಅಂತು. ಹಂಪ್ ಹತ್ತಿದ್ರ ಒಂದು ಕಟ್, ಇಳದ್ರ ಒಂದು ಕಟ್. ನಮ್ಮ ಕಡೆ ಹಂಪಿಗೇನ ಬರಗಾಲ ಇಲ್ಲ. ಕಬ್ಬಿನ ಟ್ರ್ಯಾಕ್ಟರ್ ಜೋರು ಓಡ್ತಾವಂತ ಮಂದಿ ತಮ್ಮ ತಮ್ಮ ಮನಿ ಮುಂದ ತಾವ ಒಂದೊಂದು ಕಟ್ಟಿಕೊಂಡಿರ್ತಾರ. ಮಜಾ ಏನಂದ್ರ, ಬನಹಟ್ಟಿ ಊರಾಗ ಹೊಕ್ಕ ಕೂಡ್ಲೆ ನನ್ನ ಗಾಡಿ ಸಪ್ಪಳ ಬಂದ್ ಆಗಿಬಿಡ್ತಿತ್ತು. ನಾ ಖುಷಿಲೆ ಕಾಲೇಜಿಗೆ ಹೋಗೂದು, ಸಂಜಿಗೆ ಊರ ದಾಟಿದ ಕೂಡ್ಲೆ ಮತ್ತ ಕಟ್. ನಾಕ ದಿನಾ ಆದ ಮ್ಯಾಲ ತಿಳೀತು: ಅಲ್ಲೆ ಓಣಿ ಓಣಿಗೆ ಮಗ್ಗದ ಖಟಾಖಟಿ, ಅದರಾಗ ನನ್ನ ಗಾಡಿ ಕಟಕಟಿ ಯಾರಿಗೆ ಕೇಳಬೇಕು? "ಬನಹಟ್ಟ್ಯಾಗ ಮನಿ ಮಾಡೂಣ ತಗೋ, ರಿಪೇರಿನ ಬ್ಯಾಡ" ಅಂದ್ರು ಮನಿಯವರು.

ಗಾಡಿ ತಗೊಂಡು ದಸ್ತಗೀರ ಕಾಕಾನ ಗ್ಯಾರೇಜಿಗೆ ಹೋದೆ. ಮುಧೋಳ ರಸ್ತಾದಾಗ, ಬೇವಿನ ಗಿಡದ ಕೆಳಗ ಅವರ ಗ್ಯಾರೇಜು. ಅಪ್ಪ ಓಡಸ್ತಿದ್ದ ಜೀಪು ಕೆಟ್ಟಾಗೆಲ್ಲ ಅಲ್ಲೇ ಹೋಗ್ತಿತ್ತು, ನಾನೂ ಅಪ್ಪನ ಬೆನ್ನ ಹತ್ತಿ ಹೋಗಿ ಗ್ರೀಸ್ ಮೈತುಂಬ ಹಚಗೊಂಡು ಬಂದು ಅವ್ವನ ಕೈಲೆ ಹೊಡತ ತಿಂತಿದ್ದೆ. ಕಾಕಾ ತೆಳ್ಳಗಿನ ಮನಶ್ಯಾ. ಚಷ್ಮಾದ ಒಂದು ಕಾಲು ದಾರದ್ದು. ಮಾತು ಕಮ್ಮಿ. ನಾ ಕಲಸಾಕ ಹತ್ತಿದಾಗಿಂದ, ಸಾಲಿ ಬಾಯಾರಿಗೆ ಅಂದಂಗ ನನಗೂ "ಅಕ್ಕೋರ" ಅಂತಾರ.

ಆ ಗ್ಯಾರೇಜಿನ್ಯಾಗ ಒಂದ ಕಾಲಕ್ಕ ಜೀಪು, ಟೆಂಪೋ ಸಾಲಗಟ್ಟಿ ನಿಂತಿರ್ತಿದ್ದುವು. ಈಗ ಜೀಪು ಗುಜರಿಗೆ ಹೋದುವು, ಟೆಂಪೋ ಕಡಿಮಿ ಆದುವು. ದೊಡ್ಡ ಗಾಡಿ ಬಂದ್ರ ಹೊಟ್ಟಿ ತುಂಬ್ತೈತಿ ಅಂತ ಕಾಕಾ ಐವತ್ತೈದು ದಾಟಿದ ಮ್ಯಾಲ ಪುಣಾಕ್ಕ ಹೋಗಿ, ತನ್ನ ಮಗನ ವಯಸ್ಸಿನವರ ಕೈಯಾಗ ಆರು ತಿಂಗಳ ಕೆಲಸಾ ಕಲತು ಬಂದಿದ್ರು. ಕಲತು ಬಂದ್ರ ಏನಾತು, ನಂಬಿ ಗಾಡಿ ಬಿಡವ್ರು ಬೇಕಲ್ಲ. ಮುಧೋಳದಾಗ ಶಿವನಗೌಡ್ರು ಅಂತ, ಐದಾರು ದೊಡ್ಡ ಗಾಡಿ ಬಾಡಗಿಗೆ ಓಡಸ್ತಾರ. ಅವರು ಕಾಕಾಗ ಖುಲ್ಲಾ ಹೇಳಿಬಿಟ್ಟಿದ್ರು: "ಅಕ್ಕೋರ ಗಾಡಿ ಮದಲ ಮಾಡ್ರಿ ಸಾಬ್ರ. ಛಲೋ ಆತಂದ್ರ ನನ್ನ ಗಾಡಿ ಎಲ್ಲಾ ಹುಬ್ಬಳ್ಳಿ ಬಿಟ್ಟು ನಿಮ್ಮ ಕಡೆ." ಅಂದ್ರ ನನ್ನ ಗಾಡಿ ಎಡಗಾಲಿ ಮ್ಯಾಲ ಕಾಕಾನ ಗ್ಯಾರೇಜು ಉಳಿಯೂದು ಮುಳಗೂದು ನಿಂತಿತ್ತು. ನನಗ ಇದು ಗೊತ್ತಿತ್ತು. ಗೊತ್ತಿದ್ದೂ ನಾ ಏನ ಮಾಡಿದೆ ಅನ್ನೂದ ಈ ಕಥಿ.

ಕಾಕಾ ಗಾಡಿ ಎತ್ತಿ, ಗಾಲಿ ಬಿಚ್ಚಿ, ಒಂದು ಉದ್ದನ್ನ ಪಾನಾ ಹಾಕಿ ಆ ತೋಳನ್ನ ಮೀಟಿ ತೋರ್ಸಿದ್ರು. "ನೋಡ್ರಿ ಅಕ್ಕೋರ, ಇದ ಲೋವರ್ ಆರ್ಮ್. ಗಾಲೀನ ಗಾಡಿಗೆ ಹಿಡಕೊಂಡಿರೂ ಕೈ. ಕೈ ಛಲೋ ಐತಿ, ಮಣಿಕಟ್ಟಿನ ರಬ್ಬರ್ ಹೋಗೇತಿ. ರಬ್ಬರ್ ಬಿಡಿ ಸಿಗೂದಿಲ್ಲ, ಇಡೀ ಕೈನ ಬದಲಸಬೇಕು." ಹೊಸಾ ತೋಳು ಪುಣಾದಿಂದ ಪಾರ್ಸಲ್ ಬಂತು. ಹಳೇದು ಕೀಲು ಬಿಡವಲ್ಲದು. ಕಾಕಾ ಒಂದ ಕಡೆ ಸುತ್ತಗಿ ಹಿಡದು, ಇನ್ನೊಂದ ಕಡೆ ನನಗ ಬ್ಯಾಟರಿ ಹಿಡಸಿ, ಹಿಂಗ ಒಂದು, ಹಂಗ ಒಂದು ಬಡದ್ರು. ಠಣ್ಣಂತ ಕಳಚಿ ಬಿತ್ತು ನೋಡ್ರಿ, ನನ್ನ ಎದಿ ಅನ್ನೂದು ಕುಣದ ಬಿಡ್ತು. ಹುಡುಗರಿಗೆ ಇಪ್ಪತ್ತು ವರ್ಷದಿಂದ ಬಲ, ಸನ್ನಿಗೋಲು, ಘರ್ಷಣಿ ಅಂತ ಹಲಗಿ ಮ್ಯಾಲ ಬರದು ಬರದು ಸೀಮಿಸುಣ್ಣ ತಿಂದೇನಿ, ಅವತ್ತ ಮದಲ ಸಲ ಅವನ್ನ ಕಣ್ಣಿಲೆ ನೋಡಿದೆ. ಸೀರಿ ನಿರಗಿ ಎತ್ತಿ ಸಿಗಸಿ ನಾನೂ ಕೆಳಗ ಹೊಕ್ಕೆ. ಹೊಸಾ ತೋಳು ಕುಂದರ್ಸೂ ಮುಂದ ಬೋಲ್ಟ್ ಕೊಟ್ಟಾಕಿ ನಾನ.

ಇನ್ನ ಬಿಗಿಯೂದೊಂದ ಉಳದಿತ್ತು. ಅಲ್ಲೇ ಎಡವಟ್ಟಾತು. ಕಾಕಾ ಬೋಲ್ಟನ್ನ ಕೈಲೆ ತಿರುವಿ ಬಿಟ್ಟು, ಎದ್ದು ಕೈ ಒರಸಿಕೊಂಡ್ರು. "ಇವತ್ತಿಗೆ ಇಷ್ಟ ಸಾಕರಿ. ಗಾಲಿ ನೆಲಕ್ಕ ಇಳಿಸಿ, ಗಾಡೀನ ಆ ತೋಡಿದ ಖಡ್ಡಾದ ಮ್ಯಾಲ ನಿಂದರ್ಸಿ, ನಾ ಒಳಗ ಇಳದು ಕೆಳಗಿಂದ ಬಿಗೀಬೇಕು. ಖಡ್ಡಾದಾಗ ನಿನ್ನಿ ಅಡ್ಡಮಳಿ ನೀರ ನಿಂತೈತಿ. ನಾಳಿ ಮುಂಜಾನಿ ನೀರ ಬಳದು ಮಾಡಿಕೊಡ್ತೇನಿ" ಅಂದ್ರು.

ನಾಳಿ ಮುಂಜಾನಿ ಅಂದ್ರ ನನ್ನ ಮಾನಾ ಹೋಗ್ತಿತ್ತು. ಅದ ಮುಂಜಾನಿ ಸ್ಟಾಫಿನ ಹೆಣ್ಣಮಕ್ಕಳನ್ನೆಲ್ಲಾ ಅದ ಗಾಡ್ಯಾಗ ಕುಂದರಿಸಿಕೊಂಡು ಚಿಕ್ಕಪಡಸಲಗಿ ಬ್ಯಾರೇಜಿಗೆ ಹೋಗೂದು ಅಂತ ಮಾತಾಗಿತ್ತು. ರೊಟ್ಟಿ ಕಟ್ಟೂದು ಯಾರು, ಶೇಂಗಾ ಹಿಂಡಿ ತರೂದು ಯಾರು ಅನ್ನೂದೂ ಹಂಚಿಕಿ ಆಗಿತ್ತು. ಮಲ್ಲಿಗಿ ಹೂವಿನ ಮಾತಂದಾಕಿನ್ನ ನಡುವಿನ ಸೀಟಿನ್ಯಾಗ ಕುಂದರಸಬೇಕಂತ ನಾ ಮನಸಿನ್ಯಾಗ ಜಾಗಾನೂ ಹಿಡದಿಟ್ಟಿದ್ದೆ. ನಾ ಮೊಬೈಲ್ ತಗದು ಆ ಬೋಲ್ಟಿಗೆ ಎಷ್ಟು ಟಾರ್ಕ್, ಅಂದ್ರ ತಿರುವೂ ಬಲ, ಬೇಕಂತ ಹುಡುಕಿ ಕಾಕಾನ ಮಾರಿಗೆ ಹಿಡದೆ. "ಕಾಕಾ, ಅಂಕಿ ಇಲ್ಲೇ ಐತಿ. ಟಾರ್ಕ್ ಅಂದ್ರ ಟಾರ್ಕ್. ಗಾಡಿ ನೆಲದ ಮ್ಯಾಲಿದ್ರೇನು, ಗಾಳ್ಯಾಗಿದ್ರೇನು? ಬೋಲ್ಟಿಗೇನ ಗೊತ್ತಾಗ್ತೈತಿ?"

"ಹಂಗಲ್ಲರಿ ಅಕ್ಕೋರ, ಪುಣಾದಾಗ..."

"ಕಾಕಾ, ನಾ ಇದನ್ನ ಇಪ್ಪತ್ತು ವರ್ಷ ಕಲಸೇನಿ."

ಕಾಕಾ ನನ್ನ ಮಾರಿ ಒಂದ ಕ್ಷಣ ನೋಡಿದ್ರು. ಆಮ್ಯಾಲ ಟಾರ್ಕ್ ರೆಂಚ್ ತಗೊಂಡು, ಗಾಲಿ ಗಾಳ್ಯಾಗ ಜೋತು ಬಿದ್ದಾಗನ, ನಾ ಹೇಳಿದ ಅಂಕಿಗೆ ಸರಿಯಾಗಿ ಬಿಗದ್ರು. ಅಂಕಿ ಮುಟ್ಟಿದ ಕೂಡ್ಲೆ ರೆಂಚ್ ಟಕ್ ಅಂತು. "ನೋಡಿದ್ರೇನು" ಅಂದೆ ನಾನು. ಅವರು ರೆಂಚ್ ಒರಸಿ ಪೆಟಗ್ಯಾಗ ಇಟ್ರು.

ಮರುದಿನಾ ಬ್ಯಾರೇಜಿಗೆ ಹೋದ್ವಿ. ಸಪ್ಪಳ ಇಲ್ಲ, ಸುದ್ದಿ ಇಲ್ಲ. ಹೋಗೂ ದಾರ್ಯಾಗ, "ಇದನ್ನ ನಾವ ಮಾಡೀವಿ, ನಾನು ಮತ್ತ ದಸ್ತಗೀರ ಕಾಕಾ" ಅಂತ ಎಷ್ಟ ಸಲ ಹೇಳಿದೆ ಅಂದ್ರ ಬರೂ ಮುಂದ ಅವರೆಲ್ಲಾ ನಿದ್ದಿ ಬಂದವರಂಗ ಮಾಡಿದ್ರು.

ಮೂರು ತಿಂಗಳಿಗೆ ಲೋಕಾಪುರದಾಗ ಒಂದ ಮದವಿ ಮುಗಿಸಿ ಬರಬೇಕಾದ್ರ, "ಕಟ್". ಅದ ಗಾಲಿ, ಅದ ಸಪ್ಪಳ. ಹೊಸಾ ರಬ್ಬರ್ ಹರದಿತ್ತು. ನನಗ ಸಿಟ್ಟು ನೆತ್ತಿಗೇರ್ತು. ನನ್ನ ಸಿಟ್ಟು ನಿಮಗ ಗೊತ್ತಲ್ಲ, ಮದಲ ಬಾಯಿ ಓಡ್ತೈತಿ, ತಲಿ ಆಮ್ಯಾಲ ನಡಕೊಂತ ಬರ್ತೈತಿ. ಮರುದಿನ ಸ್ಟಾಫ್ ರೂಮಿನ್ಯಾಗ, "ದಸ್ತಗೀರ ಕಾಕಾಗ ವಯಸ್ಸಾತು. ಕೈಯಾಗ ಮದಲಿನ ಹದ ಉಳದಿಲ್ಲ" ಅಂದುಬಿಟ್ಟೆ. ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ. ನಮ್ಮ ಸ್ಟಾಫ್ ರೂಮಿನ್ಯಾಗ ಅಂದ ಮಾತು ಮಧ್ಯಾಹ್ನ ಚಿಮ್ಮಡ ಮುಟ್ಟತೈತಿ, ಸಂಜಿಗೆ ಮುಧೋಳ. ಎರಡ ದಿನಕ್ಕ ಶಿವನಗೌಡ್ರಿಗೂ ಮುಟ್ಟಿತು. ಅವರು ಕಳಸಬೇಕಂತ ಮಾಡಿದ್ದ ಮದಲಿನ ಗಾಡಿ ಸೀದಾ ಹುಬ್ಬಳ್ಳಿಗೆ ಹೋತು.

ಆ ಐತವಾರ ನಾ ಹಟಕ್ಕ ಬಿದ್ದು ಮೊಬೈಲ್ ಹಿಡಕೊಂಡು ಕುಂತೆ. ರಬ್ಬರ್ ಯಾಕ ಹರೀತು ಅನ್ನೂದನ್ನ ಕಂಡ ಹಿಡದು, ಕಾಕಾನ ಮುಂದ ಇಟ್ಟು, ಮಾತಿಲ್ಲದಂಗ ಮಾಡಬೇಕು ಅನ್ನೂ ಹುರುಪು. ಕಂಪನಿಯ ರಿಪೇರಿ ಪುಸ್ತಕ ಸಿಕ್ತು. ಆ ಬೋಲ್ಟ್ ಬಿಗಿಯೂ ಪುಟದಾಗ, ಅಂಕಿ ಕೆಳಗ, ಒಂದ ಸಾಲು. ಗಾಡಿ ತನ್ನ ಗಾಲಿ ಮ್ಯಾಲ ನಿಂತಾಗ, ಸೀಟಿನ್ಯಾಗ ಭಾರ ಇಟ್ಟು, ಆವಾಗ ಮಾತ್ರ ಬಿಗೀಬೇಕು. ಇಲ್ಲಂದ್ರ ರಬ್ಬರ್ ಹರೀತೈತಿ.

ಅದನ್ನ ಓದಿ ನಾ ತಣ್ಣಗಾದೆ. ಯಾಕಂತ ನಿಮಗೂ ಹೇಳ್ತೇನಿ, ಭಾಳ ಸರಳ ಐತಿ. ಬೋಲ್ಟ್ ಬಿಗದ ಕೂಡ್ಲೆ ರಬ್ಬರಿನ ಒಳಗಿನ ಅಂಚು ಅಲ್ಲೇ ಗಟ್ಟಿ ನಿಂತುಬಿಡ್ತೈತಿ. ಗಾಲಿ ಜೋತು ಬಿದ್ದಾಗ ಬಿಗದು ಆಮ್ಯಾಲ ನೆಲಕ್ಕ ಇಳಿಸಿದ್ರ, ತೋಳು ಮ್ಯಾಲಕ್ಕ ಏರ್ತೈತಿ, ರಬ್ಬರ್ ಹಸಿ ಟವೆಲ್ ಹಿಂಡಿದಂಗ ತಿರಚಿಕೊಳ್ತೈತಿ. ಗಾಡಿ ಸುಮ್ಮನ ನಿಂತಾಗಲೂ ಅದು ಹಿಂಡಿಕೊಂಡ ಇರ್ತೈತಿ. ಮ್ಯಾಲ ನಮ್ಮ ರಸ್ತಾ. ಎಷ್ಟ ದಿನಾ ತಡದೀತು? ಇದನ್ನ ತಿಳಕೊಳ್ಳಾಕ ಪದವಿ ಬ್ಯಾಡ. ನಮ್ಮಜ್ಜಗ ಗೊತ್ತಿತ್ತು. ಕುದರಿಗೆ ಹೊರಿ ಹೇರೂ ಮುಂದ ನಾ ಅವಸರ ಮಾಡಿ ಬರೇ ಬೆನ್ನಿಗೇ ಹಗ್ಗ ಬಿಗ್ಯಾಕ ಹೋದ್ರ ಕೈ ಹಿಡದು ಬಿಡಸ್ತಿದ್ದ. "ತಡಿಬೇ ಯವ್ವಾ. ಮದಲ ಹೊರಿ ಹೇರು, ನಾಕ ಹೆಜ್ಜಿ ನಡಸು, ಭಾರ ತನ್ನ ಜಾಗಾ ಹಿಡೀಲಿ. ಆಮ್ಯಾಲ ಬಿಗಿ" ಅಂತಿದ್ದ. ಕಾಕಾನೂ ಅವತ್ತ ಅದನ್ನ ಹೇಳಾಕ ಹೋಗಿದ್ರು. ಪುಣಾದಾಗ, ಅಂತ ಬಾಯಿ ತಗದಿದ್ರು, ನಾ ಮುಚ್ಚಿಸಿದ್ದೆ.

ನಾಚಿಕಿ ಬಂತು, ಖರೆ ಹೇಳ್ತೇನಿ. ಆದ್ರ ನಾಚಿಕಿ ಬಂದ ಕೂಡ್ಲೆ ಮನಶ್ಯಾ ಸುಧಾರಸ್ತಾನ ಅನ್ನೂದು ಸುಳ್ಳು. ಸೋಮಾರ ಗ್ಯಾರೇಜಿಗೆ ಹೋಗಿ ನಾ ಹೇಳಿದ್ದೇನು? "ಕಾಕಾ, ನಾ ಒಂದ ಹುಡಿಕೇನಿ. ಭಾರ ಇಟ್ಟು, ನೆಲದ ಮ್ಯಾಲ ನಿಂದರ್ಸಿ ಬಿಗೀಬೇಕಂತ." ನಾನ ಕಂಡಹಿಡದವರ ಗತ್ತಿನ್ಯಾಗ ಹೇಳಿದೆ. ತಪ್ಪು ನಂದು ಅಂತ ಮಾತ್ರ ಅನ್ನಲಿಲ್ಲ.

ಕಾಕಾ ಚಷ್ಮಾ ಒರಸಿಕೊಂಡ್ರು. "ಹೌದೇನ್ರಿ ಅಕ್ಕೋರ" ಅಂದ್ರು. ಅಷ್ಟ. ಚಷ್ಮಾ ಏರಿಸಿಕೊಂಡು ಅಂದ್ರು, "ಇನ್ನೊಂದ ತೋಳು ತರಸ್ರಿ. ಈ ಸಲ ಶಿವನಗೌಡ್ರನ್ನೂ ಕರೀತೇನಿ, ಕಣ್ಣಮುಂದ ಆಗ್ಲಿ. ಈ ಸಲನೂ ಸಪ್ಪಳ ಬಂತಂದ್ರ ನಾ ಇನ್ನ ದೊಡ್ಡ ಗಾಡಿ ಮುಟ್ಟೂದಿಲ್ಲ. ಸ್ಕೂಟರ್ ಪಂಕ್ಚರ್ ತಗೀತ ಕುಂದ್ರತೇನಿ."

ಎರಡನೇ ಸಲದ ಕೆಲಸಾ ನೋಡಬೇಕಿತ್ರಿ ನೀವು. ಹೊಸಾ ತೋಳು ಕುಂದರ್ಸಿ, ಬೋಲ್ಟ್ ಕೈಲೆ ತಿರುವಿ, ಗಾಲಿ ಹಾಕಿ, ಗಾಡೀನ ಒಣಗಿದ ಖಡ್ಡಾದ ಮ್ಯಾಲ ತಂದು ನಿಂದರ್ಸಿದ್ರು. ನಾ ಪುಸ್ತಕ ಓದಿದೆ: ಮುಂದಿನ ಎರಡೂ ಸೀಟಿಗೆ, ಹಿಂದ ನಡುವ, ಒಬ್ಬೊಬ್ಬ ಆಳಿನ ಭಾರ ಇಡಬೇಕು, ಡಿಕ್ಕಿಗೂ ಸ್ವಲ್ಪ. "ಕಂಪನ್ಯಾಗ ಇದಕ್ಕಂತ ಮರಳ ಚೀಲ ಮಾಡಿಟ್ಟಿರ್ತಾರ. ನಮ್ಮಲ್ಲೆ ಮಂದಿನ ಅದಾರಲ್ಲ" ಅಂದ್ರು ಕಾಕಾ. ನಾ ಮನಿಗೆ ಫೋನ್ ಹಚ್ಚಿದೆ.

ಅವ್ವ ಇಳಕಲ್ ಸೀರಿ ಉಟಗೊಂಡು, ಬೀಗರ ಊರಿಗೆ ಹೊಂಟವರಂಗ ಚೀಲ ಹಿಡಕೊಂಡು ಬಂದ್ಲು. ಬಂದಾಕಿನ ಸೆರಗಿನ ಗಂಟು ಬಿಚ್ಚಿ ಬೀರಪ್ಪನ ಭಂಡಾರದ ಅರಿಷಿಣ ತಗದು ಗಾಲಿಗೆ ಹಚ್ಚಿದ್ಲು, ಕಾಕಾ ತಲಿ ಬಗ್ಗಿಸಿದ್ರು, ಅವರ ಹಣಿಗೂ ಒಂದ ಬಟ್ಟ ಹಚ್ಚಿದ್ಲು. ಆಮ್ಯಾಲ ಮುಂದಿನ ಸೀಟಿನ್ಯಾಗ ಗಟ್ಟಿಯಾಗಿ ಕುಂತು, "ಎಲ್ಲಿಗೆ ಹೊಂಟೀವಿ?" ಅಂತ ಕೇಳಿದ್ಲು. ಎಲ್ಲಿಗೂ ಇಲ್ಲವ್ವಾ, ಸುಮ್ಮನ ಕುಂದ್ರೂದು ಅಂದ್ರ ನಂಬವಲ್ಲಳು. ನಾ ಸ್ಟೇರಿಂಗ್ ಮುಂದ. ಮನಿಯವರು ಹಿಂದ ನಡುವ. ಖಡ್ಡಾದಾಗಿಂದ ಕಾಕಾನ ದನಿ ಬಂತು, "ಸಾಹೇಬ್ರು ಭಾರಕ್ಕ ಕಡಿಮಿ ಬೀಳತಾರರಿ." ಬಾಜೂ ಕಿರಾಣಿ ಅಂಗಡ್ಯಾಗಿಂದ ಬೆಲ್ಲದ ಪೆಂಟಿ ತರಿಸಿ, ಎರಡು ಡಿಕ್ಕ್ಯಾಗ, ಒಂದು ಮನಿಯವರ ತೊಡಿ ಮ್ಯಾಲ ಇಟ್ಟ್ವಿ. ಪೋಸ್ಟಾಫೀಸಿಗೆ ಅರ್ಧಾ ದಿನ ರಜಾ ಹಾಕಿ ಬಂದ ಮನಶ್ಯಾ ಬೆಲ್ಲ ಅಪ್ಪಿಕೊಂಡು ಕುಂತಿದ್ರು. ನನಗ ನಗಿ ತಡಿಯವಲ್ಲದು, ನಕ್ಕರ ಗಾಡಿ ಅಳ್ಳಾಡ್ತೈತಿ.

"ಯವ್ವಾ, ಅಳ್ಳಾಡಬ್ಯಾಡ್ರಿ" ಅಂದ್ರು ಕಾಕಾ ಕೆಳಗಿಂದ.

"ಉಸರಾದ್ರೂ ಬಿಡ್ಲ್ಯೋ ಬ್ಯಾಡೋ, ದಸ್ತಗೀರ?" ಅಂದ್ಲು ಅವ್ವ.

ಅಷ್ಟರಾಗ ಶಿವನಗೌಡ್ರು ಬಂದು ಕಿಡಕ್ಯಾಗ ಹಣಕಿ ಹಾಕಿದ್ರು. ಇಳಕಲ್ ಸೀರಿ, ಬೆಲ್ಲ, ನಾನು, ಎಲ್ಲಾ ನೋಡಿ ಹಿಂದ ಸರದು ನಿಂತ್ರು. ಕೆಳಗ ಟಾರ್ಕ್ ರೆಂಚ್ "ಟಕ್" ಅಂತು. ಇನ್ನೊಂದ ಬೋಲ್ಟಿಗೆ ಇನ್ನೊಂದ "ಟಕ್". ಆ ಸಪ್ಪಳ ಸೀಟಿನಿಂದ ನನ್ನ ಬೆನ್ನಿಗೆ ಬಂದು ತಾಗಿತು. ಅವ್ವ ನನ್ನ ಕೈ ಹಿಡಕೊಂಡ್ಲು. ಆ ಟಕ್ಕಿನ ಮ್ಯಾಲ ಏನ ನಿಂತೈತಿ ಅನ್ನೂದು ಆಕಿಗೂ ತಿಳದಿತ್ತು ಅನಸ್ತೈತಿ.

ಓಡಿಸಿ ನೋಡಾಕ ಶಿವನಗೌಡ್ರು ತಾವ ಸ್ಟೇರಿಂಗ್ ಹಿಡದ್ರು, ಕಾಕಾ ಅವರ ಬಾಜೂಕ, ನಾವ ಮೂವರು ಹಿಂದ. ಚಿಕ್ಕಪಡಸಲಗಿ ದಾರಿ. ಮದಲನೇ ಹಂಪ್ ಬಂತು. ಕಾಕಾ ಕಣ್ಣ ಮುಚ್ಚಿಕೊಂಡ್ರು. ಏರ್ತು, ಇಳೀತು, ಏನೂ ಇಲ್ಲ. ಎರಡನೇದು, ಏನೂ ಇಲ್ಲ. ಗೌಡ್ರು ಬೇಕಂತನ ಎಡಗಾಲಿ ತಗ್ಗಿನ್ಯಾಗ ಇಳಿಸಿದ್ರು. ಡಿಕ್ಕ್ಯಾಗಿನ ಬೆಲ್ಲ ಹೊಳ್ಳಿದ ಸಪ್ಪಳ ಬಂತು, ನಮ್ಮೆಲ್ಲರ ಜೀವ ಹೋಗಿ ಬಂತು. ತೋಳು ಮಾತ್ರ ಉಸರ ಎತ್ತಲಿಲ್ಲ. ನನಗ ಎದ್ದು ಕುಣೀಬೇಕು ಅನಸ್ತು, ಗಾಡ್ಯಾಗ ಜಾಗಾ ಇರಲಿಲ್ಲ.

ಹೊಳಿ ದಂಡಿಗೆ ಗಾಡಿ ನಿಂದರ್ಸಿ ಇಳದ್ವಿ. ಕೃಷ್ಣಾ ತುಂಬಿ ನಿಂತಿದ್ಲು. ಗೌಡ್ರು ಬಗ್ಗಿ ಗಾಲಿ ಕೆಳಗ ಕೈಯಾಡಿಸಿ ಎದ್ದು, ಕಾಕಾನ ಕಡೆ ತಿರಗಿ ಕೇಳಿದ್ರು, "ಕೆಲಸಾ ಛಲೋ ಆಗೇತಿ ಸಾಬ್ರ. ಹಂಗಾದ್ರ ಮದಲನೇ ಸಲ ಯಾಕ ಕೆಟ್ಟಿತು? ಅದನ್ನ ಹೇಳ್ರಿ, ನಾ ಗಾಡಿ ಬಿಡೂದೋ ಬ್ಯಾಡೋ ಅನ್ನೂದು ಅದರ ಮ್ಯಾಲ ಐತಿ."

ಕಾಕಾ ನೆಲಾ ನೋಡಿದ್ರು. ಆಮ್ಯಾಲ ಮೆಲ್ಲಕ, "ನಂದ ತಪ್ಪರಿ. ಅವಸರ ಮಾಡಿದೆ" ಅಂದ್ರು.

ನೋಡ್ರಿ, ನಾ ಸುಮ್ಮನಿದ್ರ ಅಲ್ಲಿಗೇ ಮುಗೀತಿತ್ತು. ನನ್ನ ಗಾಡಿ ಸರಿ ಆಗಿತ್ತು, ನನ್ನ ಹೆಸರಿಗೆ ಧಕ್ಕಿ ಇಲ್ಲ. ಆದ್ರ ಆ ಮನಶ್ಯಾ ನನ್ನ ತಪ್ಪನ್ನ ಎತ್ತಿ ತನ್ನ ತಲಿ ಮ್ಯಾಲ ಇಟ್ಟುಕೊಂಡಿದ್ದು ನೋಡಿ ನಾ ಮುಂದ ಬಂದೆ. "ಇಲ್ರಿ ಗೌಡ್ರ" ಅಂದೆ. "ಅವರು ನೆಲಕ್ಕ ಇಳಿಸಿ ಬಿಗೀತೇನಿ, ಒಂದ ದಿನಾ ತಡೀರಿ ಅಂದ್ರು. ನಾ ಕೇಳಲಿಲ್ಲ. ಟಾರ್ಕ್ ಅಂದ್ರ ಟಾರ್ಕ್ ಅಂತ ಪಾಠ ಹೇಳಿದೆ. ಕೆಟ್ಟಿದ್ದು ನನ್ನಿಂದ. ಊರ ತುಂಬ ಅವರ ಹೆಸರು ಕೆಡಿಸಿದಾಕಿನೂ ನಾನ."

ಮನಿಯವರು ಬೆಲ್ಲದ ಪೆಂಟಿ ಹಿಡಕೊಂಡ ನಿಂತಿದ್ರು. ಅವ್ವ, "ಈಗ ಬಾಯಿ ಬಿಟ್ಟಳು" ಅಂದು ಸೆರಗ ಹೊದಕೊಂಡ್ಲು. ಕಾಕಾಗ ನಾ ಕೇಳಿದೆ, "ನಿಮಗ ಗೊತ್ತಿತ್ತಲ್ಲ ಕಾಕಾ, ಅವತ್ತ ಯಾಕ ಗಟ್ಟಿಯಾಗಿ ಹೇಳಲಿಲ್ಲ?"

"ನನಗ ಗೊತ್ತಿದ್ದದ್ದು ಕೈಗೆ ಗೊತ್ತಿತ್ತರಿ ಅಕ್ಕೋರ, ಬಾಯಿಗೆ ಬರಲಿಲ್ಲ" ಅಂದ್ರು ಕಾಕಾ. "ನೀವು ಪುಸ್ತಕ ಓದಿದವ್ರು, ಇರಬಹುದು ಅನಕೊಂಡೆ."

ಮರುದಿನಾ ಸ್ಟಾಫ್ ರೂಮಿನ್ಯಾಗ, ಆಮ್ಯಾಲ ಎರಡೂ ಕ್ಲಾಸಿನ್ಯಾಗ, ಹರದ ರಬ್ಬರ್ ಹಿಡದು ತೋರಿಸಿ ಇದ್ದದ್ದು ಇದ್ದಂಗ ಹೇಳಿದೆ. ಬಾಯಿಲೆ ಕೆಡಿಸಿದ್ದನ್ನ ಬಾಯಿಲೆ ಸರಿ ಮಾಡಬೇಕಲ್ಲ. ಆದ್ರ ಅದು ಮರುದಿನದ ಮಾತು. ಹೊಳಿ ದಂಡಿ ಮ್ಯಾಲ ಶಿವನಗೌಡ್ರು ಮೀಸಿ ತೀಡಿ, ಕಾಕಾಗ ಅಂದ್ರು, "ಮಂಗಳಾರ ಒಂದ ಗಾಡಿ ಕಳಸ್ತೇನ್ರಿ ಸಾಬ್ರ. ಒಂದ ಷರತ್ತು ಮ್ಯಾಲ. ಗಾಡಿ ನಿಮ್ಮಲ್ಲಿದ್ದಾಗ ಅಕ್ಕೋರು ಗ್ಯಾರೇಜಿನ ಕಡೆ ಸುಳೀಬಾರದು."

ನಾ ತಲಿ ತಗ್ಗಿಸಿ ಒಪ್ಪಿಕೊಂಡೆ. ಕಾಕಾ ಒಪ್ಪಲಿಲ್ಲ.

"ಅದಾಗೂದಿಲ್ಲರಿ ಗೌಡ್ರ" ಅಂದ್ರು. "ಅಕ್ಕೋರು ಬರಲಿಲ್ಲಂದ್ರ ಸೀಟಿನ್ಯಾಗ ಯಾರ ಕುಂದ್ರಬೇಕು?"

ಶಿವನಗೌಡ್ರ ಗಾಡಿ ಈಗ ಒಂದೊಂದ ಆಗಿ ಎಲ್ಲಾ ಬಂದು ಹೋಗ್ಯಾವು. ಅವರ ನೋಡಿ ಮತ್ತ ಯಾರ್ಯಾರದೋ ಬರಾಕತ್ತಾವು. ಗ್ಯಾರೇಜಿನಿಂದ ಫೋನ್ ಬರ್ತೈತಿ, "ಅಕ್ಕೋರ, ಒಂದರ್ಧಾ ತಾಸು ಬಿಡುವು ಐತೇನ್ರಿ?" ನಾ ಅವ್ವನ್ನ ಎಬ್ಬಿಸಿಕೊಂಡು ಓಡ್ತೇನಿ. ಪರರ ಗಾಡಿ, ಪರರ ಚರ್ಮದ ಸೀಟು. ಹತ್ತಿ, ಎರಡೂ ಕೈ ತೊಡಿ ಮ್ಯಾಲ ಇಟಗೊಂಡು, ಅಳ್ಳಾಡದ ಕುಂದ್ರತೇನಿ. ಕೆಳಗ ಖಡ್ಡಾದಾಗಿಂದ ಕಾಕಾ ಪ್ರತಿ ಸಲ ಒಂದ ಮಾತ ಕೇಳತಾರ, "ಅಕ್ಕೋರ, ಈಗ ಬಿಗೀಲೇನ್ರಿ?"

"ನಿಮ್ಮ ಕೈಗೆ ತಿಳದಂಗ ಮಾಡ್ರಿ ಕಾಕಾ" ಅಂತೇನಿ.